ವರ್ನಾ ಕಂಡ ಕೂಗರ್

ವರ್ನಾ ಹ್ಯಾಲಿಹನ್ ಕೂಗರನ್ನು ಕಂಡದ್ದು ೧೯೭೧ರ ಅಕ್ಟೋಬರಿನಲ್ಲಿ, ನಟ್ಟನಡುಹಗಲಲ್ಲಿ. ಆಗ ಅವಳಿಗೆ ಇಪ್ಪತ್ತಾರು. ಮಿರಾಮಿಚಿ ನದಿಯ ಮೇಲ್ದಂಡೆಯ ಮೂವತ್ತೆಂಟು ಮನೆಗಳಿಗೆ ಅವಳೇ ಕಾಗದ ಮುಟ್ಟಿಸುತ್ತಿದ್ದಳು. ಮರ ಸಾಗಿಸುವ ಮಣ್ಣುರಸ್ತೆಯ ತಿರುವಿನಲ್ಲಿ ಅದು ಮರಗಳ ಸಂದಿಯಿಂದ ಇಳಿದು ಅವಳ ಕಾರಿನ ಮುಂದೆಯೇ ದಾಟಿಹೋಯಿತು. ಜಿಂಕೆಯ ಬಣ್ಣದ ದೊಡ್ಡ ಬೆಕ್ಕು, ಮೈಮೇಲೆ ಒಂದು ಚುಕ್ಕೆಯಿಲ್ಲ, ನೆಲಕ್ಕೆ ತಾಗುವಷ್ಟು ಉದ್ದದ ಬಾಲ. ಅವಸರವೆಂಬುದೇ ಇರಲಿಲ್ಲ ಅದಕ್ಕೆ. ಅದು ಮರೆಯಾದ ಮೇಲೂ ವರ್ನಾ ಬ್ರೇಕಿನ ಮೇಲಿಂದ ಕಾಲು ತೆಗೆಯದೆ ಕೂತೇ ಇದ್ದಳು.

ಆ ಸೀಮೆಯಲ್ಲಿ ಕೂಗರ್ ಅಜ್ಜಂದಿರ ಕಾಲದಲ್ಲೇ ಅಳಿದುಹೋಯಿತೆಂದು ಸರ್ಕಾರ ಹೇಳುತ್ತಿತ್ತು. ವರ್ನಾ ಅಂಗಡಿಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಅಂಗಡಿಯ ಏಮಸ್ ದಿನಾ ಚುಡಾಯಿಸಲು ಶುರುಹಚ್ಚಿಕೊಂಡ.

"ಏನ್ ವರ್ನಾ, ನಿನ್ ಬೆಕ್ಕು ಕಾಗದ ಗೀಗದ ಬರ್ದಿದ್ಯಾ?"

"ಬರ್ದಿದೆ. ಏಮಸ್ ಮೈಯಲ್ಲಿ ಮಾಂಸ ಎಷ್ಟಿದೆ ಅಂತ ಕೇಳಿದೆ. ಬರೀ ಕೊಬ್ಬು, ಸುಮ್ನೆ ಬಂದು ಹಲ್ಲು ಹಾಳು ಮಾಡ್ಕೋಬೇಡ ಅಂತ ಉತ್ತರ ಹಾಕ್ದೆ."

ಹೀಗೆ ತಿರುಗಿಸಿ ಕೊಟ್ಟು ಬಂದರೂ ಕಾರಿನೊಳಗೆ ಕೂತ ಮೇಲೆ ಅವಳ ಕಣ್ಣು ತುಂಬುತ್ತಿತ್ತು.

ನಾಲ್ಕನೆಯ ದಿನ ಅರಣ್ಯ ಇಲಾಖೆಯಿಂದ ಲೋರ್ನ್ ಎಸ್ಟಾಬ್ರುಕ್ಸ್ ಎಂಬ ಸಣಕಲು ಮನುಷ್ಯ ಅಳತೆಪಟ್ಟಿ ಹಿಡಿದು ಬಂದ. ಜಿನುಗುಮಳೆಯಲ್ಲಿ ಒಂದು ತಾಸು ರಸ್ತೆಯ ಕೆಸರಿನಲ್ಲಿ ಮೊಣಕಾಲೂರಿ ಹೆಜ್ಜೆ ಅಳೆದ.

"ಇದು ನಾಯಿ ಹೆಜ್ಜೆ. ನೋಡಿ, ಉಗುರಿನ ಗುರುತಿದೆ. ಬೆಕ್ಕಿನ ಜಾತಿ ಉಗುರು ಒಳಗಿಟ್ಕೊಂಡು ನಡೆಯುತ್ತೆ."

"ಅಂದ್ರೆ ನಾಯಿ ನೋಡಿ ಹೆದರ್ಕೊಂಡೆ ಅಂತೀರಾ?"

"ನಾನೆಲ್ಲಿ ಹಾಗಂದೆ? ಈ ಹೆಜ್ಜೆ ನಾಯಿದು ಅಂದೆ. ನೀವು ನೋಡಿದ್ದೇನು ಅಂತ ನಂಗೊತ್ತಿಲ್ಲ."

ಅವಳು ಕಂಡದ್ದೇ ಸುಳ್ಳು ಎನ್ನದೆ ಗೊತ್ತಿಲ್ಲ ಎಂದವನು ಊರಿನಲ್ಲಿ ಅವನೊಬ್ಬನೇ. ವರ್ನಾ ಅವನನ್ನು ಮನೆಗೆ ಕರೆದು ಕಡುಚಹಾ ಕೊಟ್ಟಳು. ಅದೇ ತಿಂಗಳು ಅವನು ಮತ್ತೆರಡು ಸಲ ಹೆಜ್ಜೆ ನೋಡುವ ನೆಪದಲ್ಲಿ ಬಂದ. ಎರಡನೆಯ ಸಲ ಅಳತೆಪಟ್ಟಿ ತರುವುದನ್ನೇ ಮರೆತಿದ್ದ. ಮುಂದಿನ ಜೂನಿನಲ್ಲಿ ಮದುವೆಯಾಯಿತು.

ವಾದ ಮಾತ್ರ ಮುಗಿಯಲಿಲ್ಲ. ಕೂಗರ್ ಕಂಡಿತೆಂದು ಎಲ್ಲಿಂದ ಸುದ್ದಿ ಬಂದರೂ ಲೋರ್ನ್ ಓಡುತ್ತಿದ್ದ, ಸಂಜೆ ಸೋತು ಬರುತ್ತಿದ್ದ.

"ಮತ್ತೆ ನಾಯಿನಾ?"

"ನಾಯಿ."

"ನಿನ್ ಲೆಕ್ಕದಲ್ಲಿ ಈ ಕಾಡಲ್ಲಿರೋದೆಲ್ಲಾ ನಾಯಿನೇ ಬಿಡು."

ಒಮ್ಮೆ, ಪ್ರಾಣಿ ಬಂದು ಮೈ ಉಜ್ಜಲೆಂದು ವಾಸನೆ ಸವರಿ ಅವನು ಕಾಡಿನಲ್ಲಿ ನೆಟ್ಟ ಗೂಟಕ್ಕೆ ಒಂದಿಷ್ಟು ಕೂದಲು ಸಿಕ್ಕಿಕೊಂಡಿತು. ಕೂಗರಿನದೇ ಎಂದು ಪ್ರಯೋಗಾಲಯದಿಂದ ಉತ್ತರ ಬಂದಾಗ ವರ್ನಾ ಕುಣಿದಳು. ಲೋರ್ನ್ ಕನ್ನಡಕ ಒರೆಸುತ್ತಾ, "ದಕ್ಷಿಣ ಅಮೆರಿಕದ ತಳಿಯಂತೆ. ಯಾರೋ ಸಾಕಿದ್ದು ತಪ್ಪಿಸ್ಕೊಂಡಿರ್ಬೇಕು," ಎಂದ. ಮೂರು ದಿನ ಅವನಿಗೆ ಬೆಲ್ಲದ ಪಾಕದ ಬಿಸ್ಕತ್ತು ಸಿಗಲಿಲ್ಲ.

೧೯೯೮ರಲ್ಲಿ ಯಾರದೋ ಎರಡು ಕುರಿ ಸತ್ತು ಊರಿಗೆ ದಿಗಿಲು ಹತ್ತಿತು. ಸಭಾಭವನ ತುಂಬಿತ್ತು. ಲೋರ್ನ್ ಎದ್ದು ನಿಂತು, ಇಲ್ಲಿ ಕಾಡು ಕೂಗರ್ ಇದೆ ಎನ್ನಲು ಪುರಾವೆಯಿಲ್ಲ ಎಂದು ಇಲಾಖೆಯ ಹೇಳಿಕೆ ಓದಿದ. ಹಿಂದಿನಿಂದ ಏಮಸ್ ಕೂಗಿದ:

"ಮನೇಲಿ ಹಾಗನ್ನೋ ಧೈರ್ಯ ಇದ್ಯೇನಯ್ಯಾ?"

ಭವನವೆಲ್ಲಾ ನಗೆ. ವರ್ನಾ ತಲೆ ತಗ್ಗಿಸಿದಳು. ಲೋರ್ನ್ ಕಾಗದ ಮಡಿಸಿ ಜೇಬಿಗಿಟ್ಟ.

"ದಿನಾ ಅಂತೀನಿ, ಏಮಸ್. ಆದ್ರೆ ಒಂದ್ ಮಾತು. ಇಪ್ಪತ್ತಾರು ವರ್ಷದಿಂದ ಇವಳ ಜೊತೆ ಬಾಳ್ತಾ ಇದೀನಿ. ನಾನು ಬೇಯಿಸಿದ ಬೀನ್ಸ್ ಚೆನ್ನಾಗಿದೆ ಅಂತ ಬಾಯ್ಮಾತಿಗೂ ಸುಳ್ಳು ಹೇಳಿದವಳಲ್ಲ. ನೋಡಿದೆ ಅಂದ್ರೆ ನೋಡಿದಾಳೆ. ಅದನ್ನ ಹುಡುಕೋಕೆ ಆಗ್ದೇ ಇರೋದು ನನ್ನ ಸೋಲು, ಅವಳದಲ್ಲ."

ಯಾರೂ ನಗಲಿಲ್ಲ.  ಮನೆಗೆ ಹೋಗುವಾಗ ವರ್ನಾ ಕೇಳಿದಳು: "ಇಷ್ಟು ಹೇಳೋಕೆ ಇಪ್ಪತ್ತಾರು ವರ್ಷ ಬೇಕಾಯ್ತಾ?"

"ನೀನು ಕೇಳ್ತಾ ಇದ್ದಿದ್ದು ಕಾಡಲ್ಲಿ ಕೂಗರ್ ಇದ್ಯಾ ಅಂತ. ನಿನ್ನ ನಂಬ್ತೀನಾ ಅಂತ ಒಂದ್ ದಿನಾನೂ ಕೇಳ್ಲಿಲ್ವಲ್ಲೇ."

ಅದಾದ ಮೇಲೆ ಜನ ತಾವು ಕಂಡದ್ದನ್ನು ಹೇಳಲು ಒಬ್ಬೊಬ್ಬರಾಗಿ ಅವಳ ಅಡುಗೆಮನೆಗೆ ಬರತೊಡಗಿದರು. ಒಂದು ಮಧ್ಯಾಹ್ನ ಟೋಪಿ ಕೈಯಲ್ಲಿ ಹಿಡಿದು ಏಮಸ್ ಬಂದು ನಿಂತ. ಹದಿನೈದು ವರ್ಷದ ಹಿಂದೆ ಹಣ್ಣು ಕೀಳಲು ಹೋದಾಗ ತಾನೂ ನೋಡಿದ್ದೆನೆಂದ. "ಯಾರ ಹತ್ರಾನೂ ಹೇಳಿಲ್ಲ ವರ್ನಾ. ನಗ್ತಾರೇನೋ ಅಂತ."

ಚುಚ್ಚಲು ಅವಳ ನಾಲಿಗೆಯ ತುದಿಯಲ್ಲಿ ಬೇಕಾದಷ್ಟಿತ್ತು. ಕುರ್ಚಿ ಎಳೆದು ಕೊಟ್ಟು, "ಬಾಲ ಎಷ್ಟುದ್ದ ಇತ್ತು?" ಎಂದಳು. ಏಮಸ್ ಎರಡೂ ಕೈ ಅಗಲಿಸಿದ.

ಲೋರ್ನ್ ಕೊನೆಗೂ ಕೂಗರ್ ನೋಡಲಿಲ್ಲ. ಎದೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಕಾಡಿನಲ್ಲಿ ನಡೆಯುವುದು ಅವನಿಂದಾಗುತ್ತಿರಲಿಲ್ಲ. ದಿನಾ ಸಂಜೆ ವರ್ನಾ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು, ಮೊಣಕಾಲಿಗೆ ಕಂಬಳಿ ಹೊದಿಸಿ, ಆ ಮಣ್ಣುರಸ್ತೆಯ ಪ್ರತಿ ತಿರುವಿನಲ್ಲೂ ವೇಗ ತಗ್ಗಿಸುತ್ತಿದ್ದಳು.

"ಏನಾದ್ರೂ ಕಾಣ್ತಾ?"

"ಇಲ್ಲ. ಇನ್ನೊಂಚೂರು ಮುಂದೆ ಹೋಗೋಣ."

ಅವಳು ಇನ್ನೊಂಚೂರು ಮುಂದೆ ಹೋಗುತ್ತಿದ್ದಳು.