ಕಿವಿಯ ಹತ್ತಿರದ ಸಿನಿಮಾ

ನಮ್ಮ ನಡುಮನೆಗೆ ಗೋಡೆಯಗಲದ ಟೀವಿಯೊಂದು ಬಂದು ನಾಲ್ಕು ತಿಂಗಳಾಯಿತು. ಅದರಲ್ಲಿ ಒಂದು ಸಿನಿಮಾವನ್ನೂ ನಾನು ನೆಟ್ಟಗೆ ನೋಡಿಲ್ಲ. ಟೀವಿಯದೇನೂ ತಪ್ಪಿಲ್ಲ ಬಿಡಿ. ಕುಕ್ಕರ್ ಕೂಗಿದರೆ ನಿಲ್ಲಿಸಬಹುದು, ಸೊಪ್ಪಿನವಳು ಬಂದರೆ ನಿಲ್ಲಿಸಬಹುದು, ಯಜಮಾನರಿಗೆ ಕನ್ನಡಕ ಸಿಗದಿದ್ದರೂ ನಿಲ್ಲಿಸಬಹುದು. ಹೀಗೆ ನಿಲ್ಲಿಸಿ ನಿಲ್ಲಿಸಿ, ಸೋಮವಾರ ಆದ ಕೊಲೆಗೆ ಕೊಲೆಗಾರ ಸಿಗುವ ಹೊತ್ತಿಗೆ ಗುರುವಾರ ಬಂದಿರುತ್ತದೆ. ಅಷ್ಟರಲ್ಲಿ ಸತ್ತವನು ಯಾರೆಂಬುದೇ ನನಗೆ ಮರೆತುಹೋಗಿರುತ್ತದೆ.

ನಮ್ಮ ಶ್ರೀನಿವಾಸಪುರದ ಟಾಕೀಸಿನಲ್ಲಿ ಈ ಸುಖವೆಲ್ಲ ಇಲ್ಲ. ಸೀಟಿನ ಸ್ಪಂಜು ಹೊರಗೆ ಇಣುಕುತ್ತದೆ, ಫ್ಯಾನು ತಿರುಗುವುದಕ್ಕಿಂತ ಕಿರುಚುವುದೇ ಹೆಚ್ಚು. ಮಾವಿನ ಕಾಲದಲ್ಲಿ ಮಂಡಿಯಿಂದ ನೇರ ಬಂದವರ ಜೊತೆ ಹಣ್ಣಿನ ವಾಸನೆಯೂ ಟಿಕೆಟ್ಟಿಲ್ಲದೆ ಒಳಗೆ ಬಂದು ಕೂರುತ್ತದೆ. ಆದರೂ ನಾನು ಇಪ್ಪತ್ತು ವರ್ಷ ಶುಕ್ರವಾರದ ಮ್ಯಾಟಿನಿ ತಪ್ಪಿಸಿದವಳಲ್ಲ. ಸಿನಿಮಾ ನೋಡಲು ಹೋಗುತ್ತಿದ್ದೆ ಎಂದರೆ ಅರ್ಧ ಸುಳ್ಳಾದೀತು. ನಾನು ಹೋಗುತ್ತಿದ್ದದ್ದು ನಾರಾಯಣಮ್ಮನ ಪಕ್ಕದಲ್ಲಿ ಕೂರುವುದಕ್ಕೆ.

ನಾರಾಯಣಮ್ಮ ನನ್ನ ವಾರಗಿತ್ತಿ, ಯಜಮಾನರ ಅಣ್ಣನ ಹೆಂಡತಿ. ನನಗೆ ಅಕ್ಕ. ಆಂಧ್ರದ ಗಡಿಗೆ ಹತ್ತಿರದ ಬೈರಕೂರಿನ ಕಡೆಯವಳು, ಅವಳ ಬಾಯಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೆಂದು ಅವಳಿಗೇ ಗೊತ್ತಿಲ್ಲ. ನಾನು ಮಾಲೂರಿನವಳು. ಅಲ್ಲೇನೂ ತೆಲುಗಿಗೆ ಬರವಿಲ್ಲ, ಆದರೆ ನಮ್ಮಪ್ಪ ಕನ್ನಡ ಮೇಷ್ಟ್ರು. ಮನೆಯಲ್ಲಿ ಬೇರೆ ಭಾಷೆಯ ಮಾತೆತ್ತಿದರೆ ಕಿವಿ ಹಿಂಡುತ್ತಿದ್ದರು. ಹಾಗಾಗಿ ಮದುವೆಯಾಗಿ ಬಂದ ಹೊಸದರಲ್ಲಿ ಇಲ್ಲಿನ ಟಾಕೀಸಿನ ತೆಲುಗು ಚಿತ್ರಗಳ ಮುಂದೆ ನಾನು ಪೆದ್ದಿಯ ಹಾಗೆ ಕೂತಿರುತ್ತಿದ್ದೆ. ಎಲ್ಲರೂ ನಕ್ಕು ಮುಗಿಸಿದ ಮೇಲೆ ನನ್ನ ನಗು ಹೊರಡುತ್ತಿತ್ತು. ಅದನ್ನು ಕಂಡು ಅಕ್ಕ ನನ್ನ ಕಿವಿಯ ಹತ್ತಿರ ಬಾಗಿ, ತೆರೆಯ ಮೇಲಿನ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳತೊಡಗಿದಳು.

ಅಬ್ಬಾ, ಅವಳು ಸಿನಿಮಾ ನೋಡುವ ಚೆಂದ ಏನೆಂದು ಹೇಳಲಿ! ಅತ್ತೆ ಬಾಯಿ ಮಾಡಿದರೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾಳೆ. ಖಳನಾಯಕ ಬಾಗಿಲ ಹಿಂದೆ ಅವಿತಿದ್ದರೆ, "ಅಯ್ಯೋ, ಹಿಂದೆ ನೋಡೋ ಮುಂಡೇದೇ!" ಎಂದು ಹೀರೋಗೆ ಬೈಯುತ್ತಾಳೆ. ರಸ ಇರುವುದು ನಟನಲ್ಲೋ, ನೋಡುವವನಲ್ಲೋ ಎಂದು ಹಿಂದಿನ ಪಂಡಿತರು ತಲೆ ಕೆಡಿಸಿಕೊಂಡಿದ್ದರಂತೆ, ಅಪ್ಪ ಹೇಳುತ್ತಿದ್ದರು. ಆ ಪಂಡಿತರನ್ನು ಒಂದು ಮ್ಯಾಟಿನಿಗೆ ಅಕ್ಕನ ಇನ್ನೊಂದು ಪಕ್ಕದಲ್ಲಿ ಕೂರಿಸಿದ್ದರೆ ಇಂಟರ್‌ವಲ್ಲಿನೊಳಗೆ ಚರ್ಚೆ ಮುಗಿದಿರುತ್ತಿತ್ತು.

ಈಗ ನನ್ನ ಕಳ್ಳತನ ಹೇಳಿಬಿಡುತ್ತೇನೆ. ಮೂರೇ ವರ್ಷದಲ್ಲಿ ನನಗೆ ತೆಲುಗು ಬಂದುಬಿಟ್ಟಿತು. ಬಂದ ಮೇಲೆ ಒಂದು ಸಂಗತಿ ಗೊತ್ತಾಗಿ ದಂಗಾದೆ: ಅಕ್ಕ ನನಗೆ ಹೇಳುತ್ತಿದ್ದ ಮಾತುಗಳಲ್ಲಿ ಅರ್ಧಕ್ಕರ್ಧ ಚಿತ್ರದಲ್ಲಿ ಇರುತ್ತಲೇ ಇರಲಿಲ್ಲ! ನಾಯಕಿ ಬಾಗಿಲಲ್ಲಿ ನಿಂತು ಗಂಡನಿಗೆ "ಹುಷಾರಾಗಿ ಹೋಗಿ ಬನ್ನಿ" ಎಂದರೆ, ಅಕ್ಕ ಪಿಸುಗುಡುತ್ತಾಳೆ: "‘ಹೋಗೋನು ಹೋಗು, ನಮ್ಮಪ್ಪ ಕೊಟ್ಟ ಹಸು ಮಾತ್ರ ಬಿಟ್ಟು ಹೋಗು’ ಅಂತಾಳೆ ಕಣೇ." ನಾನು ತುಟಿಪಿಟಕ್ಕೆನ್ನಲಿಲ್ಲ. ಎರಡು ಸಿನಿಮಾ ಒಟ್ಟಿಗೆ ನೋಡುವ ಭಾಗ್ಯ ಯಾರಿಗುಂಟು ಹೇಳಿ. ತೆರೆಯ ಮೇಲಿನದಕ್ಕಿಂತ ಕಿವಿಯ ಹತ್ತಿರದ್ದೇ ಎಷ್ಟೋ ವಾಸಿ ಇರುತ್ತಿತ್ತು. ಪೆದ್ದಿಯ ಮುಖ ಹಾಕಿಕೊಂಡು "ಏನಂದ ಅಕ್ಕ?" ಎಂದು ಕೇಳುತ್ತಲೇ ಇದ್ದೆ.

ಇನ್ನೊಂದು ಕಾರಣವೂ ಇತ್ತು. ಹತ್ತು ವರ್ಷದ ಹಿಂದೆ ಅಣ್ಣತಮ್ಮಂದಿರು ಭಾಗವಾದರು. ಅಂಗಳದ ನಡುವೆ ಗೋಡೆ ಎದ್ದಿತು. ಮನೆಯಲ್ಲಿ ಅಕ್ಕನ ಜೊತೆ ಒಂದು ಮಾತಾಡಬೇಕಾದರೂ ಇಬ್ಬರು ಗಂಡಸರ ಮುಖ ನೋಡಬೇಕಾಯಿತು. ಶುಕ್ರವಾರದ ಆ ಮೂರು ಗಂಟೆಯೇ ನಮ್ಮದು. ಅದು ಹೋದರೆ ಅಕ್ಕನೇ ಹೋದ ಹಾಗೆ.

ಅಷ್ಟರಲ್ಲಿ ಟೀವಿ ಬಂತು. ಯಜಮಾನರಿಗೆ ಹಿಗ್ಗೋ ಹಿಗ್ಗು. "ಇನ್ಮೇಲೆ ನೀನು, ಅತ್ತಿಗೆ ಬಿಸಿಲಲ್ಲಿ ಅಲೀಬೇಕಾಗಿಲ್ಲ. ಎಂಥಾ ತೆಲುಗು ಸಿನಿಮಾ ಆದ್ರೂ ಇದು ಕನ್ನಡದಲ್ಲೇ ಮಾತಾಡ್ಸುತ್ತೆ!" ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅತ್ತಿಗೆಯನ್ನು ತಾವೇ ಹೋಗಿ ಕರೆದುಕೊಂಡೂ ಬಂದರು.

ಅಕ್ಕ ಹೆಣ್ಣು ನೋಡಲು ಬಂದವರ ಹಾಗೆ ಸೋಫಾದ ತುದಿಯಲ್ಲಿ ಕೂತಳು. ಕೈಯಲ್ಲಿ ಕಾಫಿ, ಎದುರಿಗೆ ಕೋಡುಬಳೆ, ತಲೆಯ ಮೇಲೆ ಉರಿಯುವ ದೀಪ. ಸಿನಿಮಾ ಶುರುವಾಯಿತು. ಅಭ್ಯಾಸಬಲದಿಂದ ಅಕ್ಕ ನನ್ನ ಕಿವಿಯ ಕಡೆ ಬಾಗಿ ಬಾಯಿ ತೆರೆದಳು. ಅಷ್ಟರಲ್ಲಿ ಹೀರೋ ಅಚ್ಚಕನ್ನಡದಲ್ಲಿ ತಾನೇ ಹೇಳಿ ಮುಗಿಸಿದ. ಅಕ್ಕ ಬಾಯಿ ಮುಚ್ಚಿಕೊಂಡಳು. ಇನ್ನೊಮ್ಮೆ ಬಾಗಿದಳು, ಮತ್ತೆ ಅದೇ ಕಥೆ. ಮೂರನೆಯ ಸಲ ಬಾಗಲಿಲ್ಲ. ಕಾಫಿ ಮುಗಿಸಿ ಎದ್ದಳು.

"ಇದೇ ಕನ್ನಡ ಮಾತಾಡ್ತದಲ್ಲಮ್ಮ," ಎಂದಳು, "ಇನ್ನು ನಾನ್ಯಾಕೆ ನಿಂಗೆ?"

ಮುಂದಿನ ಶುಕ್ರವಾರ ಕರೆದರೆ ಮೊಣಕಾಲು ನೋವೆಂದಳು. ಅದರ ಮುಂದಿನ ವಾರ ಬಟ್ಟೆ ನೆನೆಸಿದ್ದೇನೆ ಎಂದಳು. ಹೀಗೇ ಮೂರು ತಿಂಗಳು. ಒಬ್ಬಳೇ ಒಂದು ಮ್ಯಾಟಿನಿಗೆ ಹೋಗಿ ನೋಡಿದೆ. ಪ್ರತಿ ಮಾತೂ ಅರ್ಥವಾಯಿತು, ಒಂದಾದರೂ ಮನಸ್ಸಿಗೆ ಹತ್ತಬೇಕಲ್ಲ.

ಹೋದ ತಿಂಗಳು ಒಂದು ಶುಕ್ರವಾರ ತಡೆಯಲಾರದೆ ಗೋಡೆ ಸುತ್ತಿಕೊಂಡು ಅವಳ ಅಡುಗೆಮನೆಗೇ ಹೋದೆ. ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಎದುರಿಗೆ ಕೂತೆ.

"ಅಕ್ಕ, ನಂಗೆ ತೆಲುಗು ಬಂದು ಹದಿನೇಳು ವರ್ಷ ಆಯ್ತು."

ಅಕ್ಕನ ಕೈ ನಿಂತಿತು. "ಹಂಗಾದ್ರೆ ನಾನು ಹೇಳ್ತಿದ್ದಿದ್ದು..."

"ಅವರು ಅಂದಿದ್ದಲ್ಲ ಅಂತ ಗೊತ್ತಿತ್ತು. ಟೀವಿ ಅವರು ಅಂದಿದ್ದನ್ನ ಹೇಳುತ್ತೆ ಅಕ್ಕ. ನಂಗೆ ನೀನು ಅನ್ನೋದು ಬೇಕು."

ಅಕ್ಕ ತಲೆ ತಗ್ಗಿಸಿ ನಾಲ್ಕು ಕಾಯಿ ಸುಲಿದಳು. ನಾಚಿಕೆಯೋ ಕೋಪವೋ ನನಗೆ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು:

"ಮನೆ ಭಾಗ ಆದ ವಾರಾನೂ ಸಿನಿಮಾಗೆ ಹೋಗಿದ್ವಲ್ಲೇ. ಅಕ್ಕತಂಗೀರು ಇಬ್ರು ಬಸ್‌ಸ್ಟ್ಯಾಂಡಲ್ಲಿ ನಿಂತಿರ್ತಾರಲ್ಲ, ಅದು. ಆವತ್ತೂ ತೆಲುಗು ಬರ್ತಿತ್ತಾ ನಿಂಗೆ?"

ಬರುತ್ತಿತ್ತು. ತೆರೆಯ ಮೇಲೆ ಅಕ್ಕನಾದವಳು ಅಂದದ್ದು "ಬಸ್ಸು ವಚ್ಚಿಂದಿ" ಎಂದಷ್ಟೇ. ಬಸ್ಸು ಬಂತು, ಇನ್ನೇನಿಲ್ಲ. ನನ್ನ ಕಿವಿಯ ಹತ್ತಿರ ಮಾತ್ರ, "‘ಗೋಡೆ ಗಂಡಸ್ರು ಕಟ್ಕೊಂಡಿದ್ದು. ನಾನು ನಿನ್ನ ಬಿಡಲ್ಲ’ ಅಂತಾಳೆ ಕಣೇ" ಎಂಬ ಪಿಸುಮಾತು ಕೇಳಿಸಿತ್ತು. ಆವತ್ತು ನಾನು ಸೆರಗು ಒದ್ದೆಯಾಗುವ ಹಾಗೆ ಅತ್ತಿದ್ದೆ.

"ಬರ್ತಿತ್ತು ಅಕ್ಕ. ಅದಕ್ಕೇ ಅತ್ತಿದ್ದು."

ಅಕ್ಕ ಮೊರವನ್ನು ಪಕ್ಕಕ್ಕೆ ತಳ್ಳಿದಳು. ಕಣ್ಣೊರೆಸಿಕೊಂಡು, "ಕಳ್ಳಿ! ಏಳೇ, ಸೀರೆ ಬದಲಾಯ್ಸು, ತೆರೆ ಮೇಲೆ ಹೆಸರು ಬೀಳೋ ಹೊತ್ತಾಯ್ತು" ಎಂದು ನನ್ನನ್ನೇ ಗದರಿದಳು.

ಅವತ್ತಿನಿಂದ ಮತ್ತೆ ಶುಕ್ರವಾರ ತಪ್ಪಿಲ್ಲ. ನಾನು ಈಗಲೂ "ಏನಂದ ಅಕ್ಕ?" ಎಂದು ಕೇಳುತ್ತೇನೆ, ಅವಳು ಹೇಳುತ್ತಾಳೆ. ಅಂದಿಗೂ ಇಂದಿಗೂ ವ್ಯತ್ಯಾಸ ಇಷ್ಟೇ: ತೆರೆಯ ಮೇಲೆ ಹೀರೋ ಬಾಯಿ ತೆರೆಯುವವರೆಗೂ ಕಾಯುವ ಕಷ್ಟವನ್ನು ಅಕ್ಕ ಈಗ ಇಟ್ಟುಕೊಂಡಿಲ್ಲ.