ಏಳನೇ ಮೆಷಿನ್ನಿನ ಲೈಬ್ರರಿ

ನಾಗಮಂಗಲದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿಗೆ ಯಾವ ಪ್ರೋಗ್ರಾಮಿಂಗ್ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು, ಬರಬೇಕಾದರೂ ಇನಾಯತುಲ್ಲಾ ಮೇಷ್ಟ್ರ ಅಪ್ಪಣೆ ಬೇಕು. ಅಂತರ್ಜಾಲದಿಂದ ನೇರವಾಗಿ ಇಳಿಸಿಕೊಂಡವರನ್ನು ಅವರು ಹಿತ್ತಿಲ ಬಾಗಿಲಿನಿಂದ ಬೀಗರನ್ನು ಕರೆತಂದವರಂತೆ ನೋಡುತ್ತಾರೆ. ಬರುವುದೂ ಹೋಗುವುದೂ ಇಂಥವನ್ನು ಹಾಕಲು, ತೆಗೆಯಲು ಸಿಸ್ಟಮ್ಮಿನಲ್ಲೇ ಇರುವ ಪ್ಯಾಕೇಜ್ ಮ್ಯಾನೇಜರ್ ಮೂಲಕ ಆಗಬೇಕು. ಹಾಕುವಾಗ ಬಿಸ್ಮಿಲ್ಲಾ ಎಂದು ಎಂಟರ್ ಒತ್ತುವ ಮೇಷ್ಟ್ರು ತೆಗೆಯುವಾಗ ಮಾತ್ರ ಬೆವರುತ್ತಾರೆ. ಹಿಂದೊಮ್ಮೆ ಅವರು ಚಿಲ್ಲರೆ ಲೈಬ್ರರಿಯೊಂದನ್ನು ತೆಗೆದಾಗ, ಅದನ್ನೇ ನೆಚ್ಚಿಕೊಂಡಿದ್ದ ಇಡೀ ಡೆಸ್ಕ್‌ಟಾಪು ಜೊತೆಗೇ ಹೊರಟುಹೋಗಿತ್ತು. ಅಂದಿನಿಂದ, ಇದರೊಡನೆ ಇನ್ನೇನೇನು ಹೋಗುತ್ತದೆಂದು ಪರದೆ ತೋರಿಸುವ ಪಟ್ಟಿಯನ್ನು ಹಾಜರಿ ಕೂಗುವಂತೆ ಗಟ್ಟಿಯಾಗಿ ಓದಿಯೇ ಮುಂದಿನ ಮಾತು. “ಸಾ, ವೈ ಒತ್ಬುಡ್ಲಾ?” ಎಂದು ವಿದ್ಯಾರ್ಥಿನಿ ಸ್ನೇಹ ಹೌದೆನ್ನುವ ಆ ಕೀಲಿಯ ಮೇಲೆ ಬೆರಳಿಟ್ಟು ಚಡಪಡಿಸಿದರೆ, “ತಡಿಯವ್ವ, ಒಂದ್ ಕಿತ್ರೆ ಇನ್ಯಾರ್ ಬುಡ ಅಳ್ಳಾಡ್ತದೋ ನೋಡವ” ಎನ್ನುತ್ತಾರೆ. ಏಳನೇ ಮೆಷಿನ್ನಿನಲ್ಲಿ ಪ್ರತಿ ಸಲವೂ ಒಂದು ಹೆಸರು ಮೇಲೇಳುತ್ತದೆ: ಪರದೆಯ ಅಕ್ಷರಗಳನ್ನು ಓದಿ ಹೇಳುವ ಲೈಬ್ರರಿ, ‘ಈಗ ಯಾವುದಕ್ಕೂ ಬೇಡ, ತೆಗೆಯಬಹುದು’ ಎಂಬ ಸೂಚನೆಯೊಂದಿಗೆ. ಕಣ್ಣು ಕಾಣದ ಅಸ್ಫಿಯಾಳ ಸಲುವಾಗಿ ಬಂದದ್ದು ಅದು. ಅವಳು ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟು ನಾಲ್ಕು ವರ್ಷವಾಯಿತು. ಮೇಷ್ಟ್ರು ಬೇಡವೆಂದು ಎನ್ ಒತ್ತಿ ಪರದೆಯನ್ನೇ ಗದರುತ್ತಾರೆ: “ಬ್ಯಾಡ ಅಂತ ಯೋಳಕ್ಕೆ ನೀನ್ಯಾವನ್ಲಾ? ನಾಳೆ ಆ ಮಗು ಬಂದು ಕೂತ್ರೆ, ಮಾತಾಡ್ಸೋರ್ ಬ್ಯಾಡ್ವಾ?”