‘ನೀರ್’ ಅಂದರೆ ಯಾರು

ನನ್ನ ಹೆಂಡತಿಗೆ ಸ್ಟ್ರೋಕ್ ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು.

ಮಕ್ಕಳೆಂದರೆ ನಮ್ಮವರಲ್ಲ. ನಮಗೆ ಮಕ್ಕಳಿಲ್ಲ. ತಮಿಳುನಾಡಿನ ಓಮಲೂರಿನ ನಮ್ಮ ಮನೆಯ ವರಾಂಡದಲ್ಲಿ ಶನಿವಾರ ಶನಿವಾರ ಬಂದು ಕೂರುತ್ತಿದ್ದ, ನಮ್ಮ ಚರ್ಚಿನ ಕಾಲೇಜು ಹುಡುಗ ಹುಡುಗಿಯರು. ಗ್ರೇಸ್ ಅವರಿಗೆ ದೇವರನ್ನು ಪರಿಚಯ ಮಾಡಿಸುತ್ತಿದ್ದಳು. ಪಾಠ ಎಂಬ ಮಾತನ್ನು ಅವಳು ಒಪ್ಪುತ್ತಿರಲಿಲ್ಲ, ಪರಿಚಯ ಎಂದೇ ಹೇಳಬೇಕು. ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ದೇವರು ಗೋಡೆಗೆ ನೇತುಹಾಕಿದ ಮುತ್ತಜ್ಜನ ಫೋಟೋ ಇದ್ದಂತೆ, ದಿನಾ ನೋಡುತ್ತಾರೆ, ಒಂದು ದಿನವೂ ಮಾತಾಡಿಸಿರುವುದಿಲ್ಲ ಎಂಬುದು ಅವಳ ದೂರು. ‘ದೇವರು ಸೋಮವಾರದ ಕಲೆಕ್ಟರ್ ಅಲ್ಲ, ಅರ್ಜಿ ಹಿಡಿದು ಕ್ಯೂ ನಿಲ್ಲಬೇಡಿ. ಇವತ್ತು ಏನು ತಿಂದಿರಿ, ಯಾರ ಮೇಲೆ ಸಿಟ್ಟು ಬಂತು, ಅದನ್ನು ಹೇಳಿ’ ಎಂದು ತಮಿಳಿನಲ್ಲಿ ಅವರಿಗೆ ಹೇಳಿಕೊಡುತ್ತಿದ್ದಳು.

ಅವರಲ್ಲಿ ಜೆಬಾ ಎಂಬ ಹುಡುಗಿಯೊಬ್ಬಳು ವಾದ ಹೂಡುವವಳು. ಎಲ್ಲರೂ ಗಟ್ಟಿಯಾಗಿ ಪ್ರಾರ್ಥಿಸಿದರೂ ಅವಳು ಬಾಯಿ ಬಿಡುತ್ತಿರಲಿಲ್ಲ. ‘ಎಲ್ಲಾ ಗೊತ್ತಿರುವ ದೇವರಿಗೆ ನಾವು ಯಾಕೆ ಹೇಳಬೇಕು?’ ಎಂದು ಒಮ್ಮೆ ಕೇಳಿದ್ದಳು. ‘ನೀನು ತಿಂದದ್ದು ನಿಮ್ಮಮ್ಮನಿಗೆ ಗೊತ್ತಿರುವುದಿಲ್ಲವಾ? ಆದರೂ ತಿಂದೆಯಾ ಅಂತ ಯಾಕೆ ಕೇಳುತ್ತಾಳೆ?’ ಎಂದು ಗ್ರೇಸ್ ಮರುಪ್ರಶ್ನೆ ಹಾಕಿದ್ದಳು.

ಒಳಗಿನ ಕೋಣೆಯಲ್ಲಿ ಪೇಪರ್ ಓದುತ್ತ ನಾನು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಶಂಕಗಿರಿಯ ಲಾರಿ ಬುಕಿಂಗ್ ಆಫೀಸಿನಲ್ಲಿ ಸವೆದು ನಿವೃತ್ತನಾದವನು ನಾನು. ನನಗೂ ದೇವರಿಗೂ ಇದ್ದದ್ದು ಆಫೀಸು ಸಂಬಂಧ. ಭಾನುವಾರ ಹಾಜರಿ, ಕ್ರಿಸ್ಮಸ್‌ಗೆ ಕಾಣಿಕೆ. ಅವನು ನನ್ನ ತಂಟೆಗೆ ಬರುತ್ತಿರಲಿಲ್ಲ, ನಾನು ಅವನ ತಂಟೆಗೆ ಹೋಗುತ್ತಿರಲಿಲ್ಲ.

ಆ ಶನಿವಾರ ನಾನು ಮನೆಯಲ್ಲಿರಲಿಲ್ಲ. ಶಂಕಗಿರಿಯಲ್ಲಿ ಹಳೆಯ ಸಹೋದ್ಯೋಗಿಯ ಗೃಹಪ್ರವೇಶ. ನಡೆದದ್ದನ್ನು ಆಮೇಲೆ ಒಬ್ಬೊಬ್ಬರ ಬಾಯಿಂದ ಕೇಳಿ ಜೋಡಿಸಿಕೊಂಡೆ. ಗ್ರೇಸ್ ಮಾತಾಡುತ್ತ ಮಾತಾಡುತ್ತ ಮಾತು ನಿಲ್ಲಿಸಿದಳಂತೆ. ಆಮೇಲೆ ಏನೋ ಅಂದಳಂತೆ. ಯಾರಿಗೂ ಅರ್ಥವಾಗಲಿಲ್ಲ. ಮತ್ತೆ ಅದನ್ನೇ ಅಂದಳಂತೆ, ಮತ್ತೆ ಮತ್ತೆ. ಮುಖ ಬೇರೆಯೇ ಆಗಿತ್ತು ಅಂತ ಒಬ್ಬ ಹುಡುಗ ಹೇಳಿದ. ಆಗಿತ್ತು, ನಿಜ. ಅರ್ಧ ಮುಖ ಜೋತುಬಿದ್ದಿತ್ತು.

ಈ ಮಕ್ಕಳಲ್ಲಿ ಕೆಲವರು ಇಡೀ ರಾತ್ರಿಯ ಪ್ರಾರ್ಥನಾ ಕೂಟಗಳಿಗೆ ಹೋಗಿ ಬರುವವರು. ಅಲ್ಲಿ ಪವಿತ್ರಾತ್ಮ ಇಳಿದವರು ಯಾರಿಗೂ ತಿಳಿಯದ ಮಾತಾಡುತ್ತಾರೆ. ಅದಕ್ಕೆ ಅನ್ಯಭಾಷೆ ಎನ್ನುತ್ತಾರೆ. ಕೆಲವರು ಕೆಳಗೂ ಬೀಳುತ್ತಾರೆ. ನಮ್ಮದು ಇಸ್ತ್ರಿ ಹಾಕಿದ ಹಳೆಯ ಚರ್ಚು, ಅಂಥದ್ದೆಲ್ಲ ನಮ್ಮಲ್ಲಿ ನಡೆಯುವುದಿಲ್ಲ. ಕೊನೆಗೂ ನಡೆಯಿತು ಎಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು, ಅಲ್ಲೇಲೂಯಾ ಅಂದರು, ಹಾಡಿದರು. ಅವಳು ಕುರ್ಚಿಯಿಂದ ಜಾರಿ ಬಿದ್ದಾಗ ಸುತ್ತ ಮೊಣಕಾಲೂರಿ ಇನ್ನೂ ಜೋರಾಗಿ ಹಾಡಿದರು.

ನಾನು ಬಸ್ಸಿಳಿದು ಬಂದಾಗ ಬೀದಿಯ ತುದಿಗೇ ಹಾಡು ಕೇಳಿಸುತ್ತಿತ್ತು. ಒಳಗೆ ಬಂದೆ. ಅವಳ ಬಾಯಿಯ ಹತ್ತಿರ ಕಿವಿಯಿಟ್ಟೆ.

“ಕುರಿ ಓಯ್ತು... ಕುರಿ ಓಯ್ತು...”

ಅದು ಅನ್ಯಭಾಷೆಯಲ್ಲ. ಕನ್ನಡ.

ಓಮಲೂರಿನ ನರ್ಸಿಂಗ್ ಹೋಮಿನವರು ಬಾಗಿಲಲ್ಲೇ ಸೇಲಂ ಕಡೆಗೆ ಕೈ ತೋರಿಸಿದರು. ಸೇಲಂನಲ್ಲಿ ಸಿಟಿ ಸ್ಕ್ಯಾನ್ ಆಯಿತು. ಮೆದುಳಿನ ಎಡಭಾಗದಲ್ಲಿ ಕ್ಲಾಟ್. ಡಾಕ್ಟರ್ ಚಿಕ್ಕ ವಯಸ್ಸಿನವರು, ಒಳ್ಳೆಯವರು.

“ಕ್ಲಾಟ್ ಕರಗಿಸುವ ಇಂಜೆಕ್ಷನ್‌ಗೆ ಒಂದು ಟೈಮ್ ಇರುತ್ತೆ ಸರ್. ಅದು ದಾಟಿಹೋಗಿದೆ. ಇಷ್ಟು ಹೊತ್ತು ಏನು ಮಾಡ್ತಿದ್ರಿ?”

“ಸ್ತೋತ್ರ” ಅಂದೆ.

ಅವರು ನನ್ನನ್ನು ಒಮ್ಮೆ ನೋಡಿ, ಏನೂ ಬರೆದುಕೊಳ್ಳಲಿಲ್ಲ.

ಐಸಿಯು. ಮೂಗಿನಲ್ಲಿ ಊಟ ಇಳಿಸುವ ರೈಲ್ಸ್ ಟ್ಯೂಬ್. ಬಲಗೈ ಬಲಗಾಲು ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ಪಕ್ಕದಲ್ಲಿ ಬಿದ್ದಿದ್ದವು. ಕಣ್ಣು ತೆರೆದಾಗ ನಾನು “ಗ್ರೇಸ್” ಎಂದು ಕರೆದೆ. ನೋಡಲಿಲ್ಲ. ನರ್ಸ್ “ಗ್ರೇಸಮ್ಮಾ” ಎಂದು ಕೂಗಿದರು. ನೋಡಲಿಲ್ಲ. ಏನೋ ಹೊಳೆದು “ಮಾದಿ” ಅಂದೆ. ತಟ್ಟನೆ ತಿರುಗಿದಳು.

ಮಾದಿ ಅವಳ ಹುಟ್ಟುಹೆಸರು. ಪಾಪಿರೆಡ್ಡಿಪಟ್ಟಿ ಕಡೆಯ, ಕನ್ನಡ ಮನೆಮಾತಿನ ಕುರಿ ಸಾಕುವವರ ಮನೆಯ ಹುಡುಗಿ. ಓದಲು ಮಿಶನ್ ಹಾಸ್ಟೆಲಿಗೆ ಬಂದಳು. ಅಲ್ಲಿ ತಮಿಳೂ ದೇವರೂ ಒಟ್ಟಿಗೇ ಸಿಕ್ಕರು. ಮಾದಿ ಹೋಗಿ ಗ್ರೇಸ್ ಬಂದಳು. ನನ್ನ ಹಿರಿಯರು ಕೊಳ್ಳೇಗಾಲದ ಕಡೆಯವರು, ನಾನು ಕನ್ನಡ ಶಾಲೆಯಲ್ಲೇ ಓದಿದವನು. ಹಾಗಾಗಿ ಮನೆಯಲ್ಲಿ ದೋಸೆ ಹಿಟ್ಟಿಗೆ, ಗ್ಯಾಸ್ ಸಿಲಿಂಡರಿಗೆ, ಜಗಳಕ್ಕೆ ಕನ್ನಡ ನಡೆಯುತ್ತಿತ್ತು. ದೇವರ ಜೊತೆ ಮಾತ್ರ ಅವಳದು ಬರೀ ತಮಿಳು. ಕುರಿ ಕನ್ನಡದಲ್ಲಿ, ದೇವರು ತಮಿಳಿನಲ್ಲಿ. ಈ ಪಾಲು ಮಾಡಿಕೊಂಡದ್ದು ಇಬ್ಬರಿಗೂ ಗೊತ್ತೇ ಇರಲಿಲ್ಲ, ಒಂದು ಪಾಲು ಕಳೆದುಹೋಗುವವರೆಗೆ.

“ಹೀಗೆ ಮಾತು ಕಳೆದುಹೋಗೋದಕ್ಕೆ ಅಫೇಸಿಯಾ ಅಂತಾರೆ” ಎಂದರು ಡಾಕ್ಟರ್. “ಎರಡು ಭಾಷೆ ಇರುವವರಿಗೆ ಎರಡೂ ಒಂದೇ ಥರ ವಾಪಸ್ ಬರಬೇಕು ಅಂತಿಲ್ಲ. ಇವರಿಗೆ ಮೊದಲು ಕಲಿತದ್ದರಲ್ಲಿ ಸ್ವಲ್ಪ ಉಳಿದಿದೆ.”

“ತಮಿಳು?”

“ನೋಡೋಣ” ಅಂದರು. ಆಸ್ಪತ್ರೆಯಲ್ಲಿ ನೋಡೋಣ ಅಂದರೆ ಏನೆಂದು ತಿಳಿಯುವಷ್ಟು ದಿನ ಆಗಲೇ ಅಲ್ಲಿ ಕಳೆದಿದ್ದೆ.

ಉಳಿದ ಕನ್ನಡವೂ ಒಂದು ಮುಷ್ಟಿಯಷ್ಟು. ಕುರಿ, ಅಪ್ಪ, ನೀರ್, ಓಗು, ತಿನ್ನು, ಯಾರು. ಹೂಂ ಮತ್ತು ಅಲ್ಲ ಇದ್ದವು, ಆದರೆ ಅದಲುಬದಲಾಗಿದ್ದವು. “ಅವರ ಹೌದು ಅಲ್ಲಗಳನ್ನು ನಂಬಬೇಡಿ” ಎಂದು ಸ್ಪೀಚ್ ಥೆರಪಿಸ್ಟ್ ಮೊದಲ ದಿನವೇ ಎಚ್ಚರಿಸಿದರು. ಟ್ಯೂಬ್ ತೆಗೆದ ಮೇಲೆ ಇಡ್ಲಿ ಕಿವುಚಿ ಕೊಟ್ಟರೆ ಅಲ್ಲ ಅಲ್ಲ ಎನ್ನುತ್ತಲೇ ತಿಂದು ಮುಗಿಸುತ್ತಿದ್ದಳು. ನನ್ನನ್ನು ಮದುವೆಯಾದಂದಿನಿಂದ ‘ಇವ್ರೇ’ ಎಂದು ಕರೆಯುತ್ತಿದ್ದವಳು ಈಗ ‘ಲೇ’ ಅನ್ನತೊಡಗಿದಳು. ಇಷ್ಟು ದೀರ್ಘ ಸೇವೆಯ ನಂತರ ನನಗೆ ಸಿಕ್ಕ ಹಿಂಬಡ್ತಿ. ನಾನು ಮೇಲ್ಮನವಿ ಹಾಕಲಿಲ್ಲ.

ಮನೆಗೆ ಕರೆತಂದ ಮೇಲೆ ಅವಳ ಅಣ್ಣ ನೋಡಲು ಬಂದ. ಇನ್ನೂ ಕುರಿ ಮೇಯಿಸಿಕೊಂಡಿರುವವನು. ತಂಗಿ ದೇವರನ್ನು ಬದಲಾಯಿಸಿದ ಮೇಲೆ ನಮ್ಮ ಹೊಸ್ತಿಲು ತುಳಿದವನಲ್ಲ. ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ಏನ್ ಮಾದಿ, ಇಂಗಾಗೋದೆ? ಕುರಿ ಎಲ್ಲಾ ಸಂದಾಗವೆ. ಕರಿ ಕುರಿ ಎಲ್ಡು ಮರಿ ಆಕೈತೆ.”

ಗ್ರೇಸ್ ನಕ್ಕಳು. ಸ್ಟ್ರೋಕ್ ಆದ ಮೇಲೆ ಮೊದಲ ಸಲ, ಅರ್ಧ ಬಾಯಲ್ಲಿ. ಹೊರಡುವಾಗ ವರಾಂಡದಲ್ಲಿ ಅವನಿಗೆ ನಾನು ವಿಷಯ ತಿಳಿಸಿದೆ. ಪ್ರಾರ್ಥನೆ ಬರುತ್ತಿಲ್ಲ, ತಮಿಳು ಹೋಗಿದೆ ಎಂದೆ. ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

“ಯಾಕ್ ಬಾವ, ನಿಮ್ ಸಾಮಿಗೆ ಕನ್ನಡ ಬರಾಕಿಲ್ವಾ?”

ನಾನು ಅವನಿಗೆ ಬಸ್ಸಿನ ಟೈಮ್ ಹೇಳಿದೆ.

ಇಲ್ಲಿ ಒಂದು ವ್ಯಾಕರಣದ ವಿಷಯ ಹೇಳಬೇಕು. ತಮಿಳಿನಲ್ಲಿ ಚಿಕ್ಕವರಿಗೆ ‘ನೀ’, ದೊಡ್ಡವರಿಗೆ ‘ನೀಂಗ’. ಇವೆರಡರ ನಡುವೆ ‘ನೀರ್’ ಎಂದು ಹಳೆಯದೊಂದಿದೆ. ನಮ್ಮ ಕಡೆ ಅದನ್ನು ಮನುಷ್ಯರು ಮನುಷ್ಯರಿಗೆ ಬಳಸಿದ್ದನ್ನು ನಾನು ಕೇಳಿಲ್ಲ. ಚರ್ಚಿನಲ್ಲಿ ದೇವರಿಗೊಬ್ಬನಿಗೇ ಮೀಸಲು. ಕುಡಿಯುವ ನೀರಿಗೆ ಅಲ್ಲಿ ‘ತಣ್ಣಿ’ ಅನ್ನುತ್ತಾರೆ. ಹೀಗಾಗಿ ಚರ್ಚಿನ ಹುಡುಗರ ಕಿವಿಗೆ ‘ನೀರ್’ ಅಂದರೆ ದೇವರೇ.

ಮಕ್ಕಳು ಒಂದು ಶನಿವಾರ ಗುಂಪಾಗಿ ಬಂದರು. ಚಪ್ಪಲಿ ಸದ್ದಾಗದಂತೆ ಬಿಟ್ಟು, ಮಂಚದ ಸುತ್ತ ನಿಂತರು. ಜೆಬಾ ಬಾಗಿಲ ಹತ್ತಿರವೇ ಉಳಿದಳು. ಒಬ್ಬ ಹುಡುಗ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ. ಆಂಡವರೇ, ನೀರ್ ದೊಡ್ಡವರು, ನೀರ್ ಕರುಣೆಯುಳ್ಳವರು, ನೀರ್ ಮುಟ್ಟಿದರೆ ಸಾಕು... ಎಷ್ಟು ನೀರ್ ಅಂದನೋ! ಗ್ರೇಸ್ ಕಣ್ಣು ತೆರೆದಳು. ತುಟಿ ಒಣಗಿ ಬಿರಿದಿತ್ತು.

“ನೀರ್” ಅಂದಳು.

ಪ್ರಾರ್ಥನೆ ನಿಂತಿತು.

“ನೀರ್... ನೀರ್...”

“ಅಮ್ಮಾ ಜೆಬಂ ಪಣ್ರಾಂಗ!” ಎಂದು ಹುಡುಗ ಅತ್ತ. ಅಮ್ಮ ಪ್ರಾರ್ಥನೆ ಮಾಡುತ್ತಿದ್ದಾರೆ! ಎಲ್ಲರೂ ಅತ್ತರು.

ಅವಳಿಗೆ ತೆಳ್ಳನೆಯ ನೀರು ನಿಷಿದ್ಧ. ನುಂಗುವ ಶಕ್ತಿ ಸರಿಯಿಲ್ಲದೆ ಅದು ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಪುಡಿ ಕಲಸಿ ಗಂಜಿಯಂತೆ ಮಾಡಿದ ನೀರನ್ನೇ ಚಮಚದಲ್ಲಿ ಕೊಡಬೇಕು. ಅದನ್ನು ಅವಳು ಬೆಳಿಗ್ಗೆಯಿಂದ ಉಗಿಯುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದು ಲೋಟ ನೀರು, ಅಷ್ಟೇ. ಅಳುವ ಮಕ್ಕಳಿಗೆ ಅದನ್ನು ಹೇಗೆ ಹೇಳುವುದು? ಭಾನುವಾರ ಪಾಸ್ಟರ್ ಅದನ್ನು ಸಾಕ್ಷಿಯೆಂದು ಸಾರಿದರು. ಸಭೆ ಆಮೆನ್ ಅಂದಿತು. ನಾನು ಎದುರಿನ ಬೆಂಚಿನ ಮೊಳೆಯನ್ನು ಭಕ್ತಿಯಿಂದ ನೋಡುತ್ತ ಕೂತೆ.

ಮನೆಯಲ್ಲಿ ಸಾಕ್ಷಿ ಬೇರೆಯೇ ಇತ್ತು. ಅವಳ ವೇದಪುಸ್ತಕವನ್ನು ಕೈಗಿಟ್ಟೆ. ಎಡಗೈಯಲ್ಲಿ ತಳ್ಳಿದಳು. ಅವಳೇ ಹಾಡುತ್ತಿದ್ದ ಹಾಡುಗಳನ್ನು ಫೋನಿನಲ್ಲಿ ಹಾಕಿದೆ. ಪಕ್ಕದ ಮನೆಯ ಮಿಕ್ಸಿಯ ಸದ್ದಿನಂತೆ ಕೇಳಿಸಿಕೊಂಡಳು. ಅವಳು ಮಕ್ಕಳಿಗೆ ಕಲಿಸಿದ್ದು ಮಾತಾಡುವುದನ್ನು. ಮಾತೇ ಹೋದರೆ ಆ ಪರಿಚಯ ಏನಾಗುತ್ತದೆ? ಕಾಯಿಲೆ ಬಂದ ಲಾಗಾಯ್ತು ನನ್ನನ್ನು ತಿನ್ನುತ್ತಿದ್ದದ್ದು ಇದು. ಕೈ ಹೋಗಲಿ, ಕಾಲು ಹೋಗಲಿ. ಇಷ್ಟು ವರ್ಷ ಅವಳು ಯಾರ ಜೊತೆ ಮಾತಾಡುತ್ತಿದ್ದಳೋ ಅವನು ತಲೆಯೊಳಗಿನ ಒಂದು ಸಣ್ಣ ನರದ ಬಾಡಿಗೆದಾರನಾಗಿದ್ದನೇ? ನರ ಕಟ್ಟಿಕೊಂಡೊಡನೆ ಖಾಲಿ ಮಾಡಿ ಹೊರಟುಹೋದನೇ?

ಒಂದು ಮಧ್ಯಾಹ್ನ ಧೈರ್ಯ ಮಾಡಿ ಅವಳ ಎಡಗೈ ಹಿಡಿದು ನಾನೇ ಕನ್ನಡದಲ್ಲಿ ಶುರುಮಾಡಿದೆ. “ದೇವರೇ...”

ಅವಳು ನನ್ನ ಮುಖ ನೋಡಿದಳು.

“ಯಾರು?” ಅಂದಳು.

ನಾನು ಕೈಬಿಟ್ಟೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಪಾತ್ರೆ ತೊಳೆಯುವವರು ಅಳುವುದನ್ನು ಯಾರೂ ವಿಚಾರಿಸುವುದಿಲ್ಲ.

ಜೆಬಾ ಒಬ್ಬಳೇ ಬಂದದ್ದು ಅದಾದ ಕೆಲವು ದಿನಗಳಿಗೆ. ವರಾಂಡದಲ್ಲೇ ನಿಂತು ತಮಿಳಿನಲ್ಲಿ ಕೇಳಿದಳು, “ಅಂಕಲ್, ಅಮ್ಮ ಅವತ್ತು ನಿಜವಾಗಲೂ ಪ್ರಾರ್ಥನೆ ಮಾಡಿದರಾ?”

ಚರ್ಚಿನಲ್ಲಿ ಸುಮ್ಮನಿದ್ದದ್ದಾಗಿತ್ತು. ಇವಳಿಗೆ ಸುಳ್ಳು ಹೇಳಲಾಗಲಿಲ್ಲ. “ಇಲ್ಲಮ್ಮ. ಬಾಯಾರಿಕೆ” ಅಂದೆ.

ಅವಳು ಗೋಡೆಗೆ ಒರಗಿದಳು. ಆಮೇಲೆ ಬಾಯಿ ತೆರೆದಾಗ ಬಂದದ್ದು ಕನ್ನಡ. ಅವಳಿಗೆ ಕನ್ನಡ ಬರುತ್ತದೆಂದು ನನಗೆ ತಿಳಿದಿರಲಿಲ್ಲ.

“ನಮ್ ಅಜ್ಜಿ ಮನೇಲಿ ಇದೇ ಅಂಕಲ್. ಫ್ರೆಂಡ್ಸ್ ಮುಂದೆ ಮಾತಾಡಾಕೆ ನಾಚ್ಕೆ. ಅವತ್ತು ಅಮ್ಮ ಕುರಿ ಓಯ್ತು ಅಂದ್ರು. ನಂಗೆ ತಿಳೀತು. ಕನ್ನಡ ಅಂತ ಗೊತ್ತಾಯ್ತು. ಎಲ್ರೂ ಅಲ್ಲೇಲೂಯಾ ಅಂದ್ರು.” ದುಪಟ್ಟಾದ ತುದಿ ಬಾಯಿಗೊತ್ತಿಕೊಂಡಳು. “ನಾನೂ ಅಂದೆ.”

ನನ್ನ ಮೈಯೆಲ್ಲ ಉರಿಯಿತು. ಒಂದೇ ಒಂದು ಮಾತು ಹೇಳಿದ್ದರೆ! ಇಂಜೆಕ್ಷನ್ನಿನ ಟೈಮ್ ಸಿಗುತ್ತಿತ್ತು. ಬೈಯಲು ಬಾಯಿ ತೆರೆದೆ. ಏನು ಬೈಯುತ್ತಿದ್ದೆನೋ ಈಗಲೂ ಗೊತ್ತಿಲ್ಲ, ಏಕೆಂದರೆ ಅಷ್ಟರಲ್ಲಿ ಒಳಗಿನಿಂದ ಗ್ರೇಸ್ “ನೀರ್” ಎಂದು ಕೂಗಿದಳು.

ಜೆಬಾ ನನ್ನನ್ನು ದಾಟಿ ಒಳಗೆ ಹೋದಳು. “ನೀರ್ ಬೇಕಾ ಅಮ್ಮ?”

ಪುಡಿ ಎಷ್ಟು ಹಾಕಬೇಕು, ಗದ್ದ ಹೇಗೆ ತಗ್ಗಿಸಬೇಕು ಎಂದು ನಾನು ತೋರಿಸಿಕೊಟ್ಟೆ. ಸಿಟ್ಟು ಇಳಿದಿರಲಿಲ್ಲ, ಚಮಚ ಕೊಟ್ಟೆ ಅಷ್ಟೇ. ಹುಡುಗಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿದಳು. ಅರ್ಧ ಬಲಗಡೆಯಿಂದ ಸೋರಿತು. ದುಪಟ್ಟಾದಲ್ಲೇ ಒರೆಸಿದಳು. ಗ್ರೇಸ್ ಅವಳನ್ನೇ ನೋಡುತ್ತಿದ್ದಳು. ತುಟಿ ಏನನ್ನೋ ಹುಡುಕಾಡಿತು.

“ತಿಂದ್ಯಾ?”

ಜೆಬಾ ಚಮಚ ಕೆಳಗಿಟ್ಟಳು. ಅವಳು ಅತ್ತ ರೀತಿಯನ್ನು ನಾನು ಬರೆಯುವುದಿಲ್ಲ. ನಾನು ಹೊರಗೆ ಹೋಗಿ ಪೇಪರ್ ಹಿಡಿದುಕೊಂಡೆ. ಯಾವ ದಿನದ ಪೇಪರೋ ನೋಡಲಿಲ್ಲ.

ಬರುವುದೆಲ್ಲ ಬಂದಾಯಿತು, ಇನ್ನು ಹೆಚ್ಚೇನೂ ನಿರೀಕ್ಷಿಸಬೇಡಿ ಎಂದು ಡಾಕ್ಟರ್ ಹೋದ ಸಲ ಹೇಳಿದರು. ತಮಿಳು ಬರಲಿಲ್ಲ. ಶನಿವಾರದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದೇನೆ. ಮಕ್ಕಳು ಬೇರೆ ಕಡೆ ಸೇರುತ್ತಾರೆ. ಜೆಬಾ ಮಾತ್ರ ಬರುತ್ತಾಳೆ. ಪ್ರಾರ್ಥನೆಯನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಇವತ್ತು ಏನು ತಿಂದೆ, ಯಾರ ಮೇಲೆ ಸಿಟ್ಟು ಬಂತು ಎಂದು ಹರಕು ಕನ್ನಡದಲ್ಲಿ ಗ್ರೇಸ್‌ಗೆ ಹೇಳುತ್ತ ಕೂರುತ್ತಾಳೆ. ಗ್ರೇಸ್ ಹೂಂ ಎನ್ನುತ್ತಾಳೆ, ಅಥವಾ ಅಲ್ಲ ಎನ್ನುತ್ತಾಳೆ. ಇಷ್ಟಕ್ಕೆ ನಾನು ಯಾರಿಗಾದರೂ ಋಣಿಯಾಗಿರಬೇಕಿದ್ದರೆ, ಆಗಿದ್ದೇನೆ. ಯಾರಿಗೆ ಅಂತ ಕೇಳಬೇಡಿ.

ನಿನ್ನೆ ಸಂಜೆ ನೀರು ಕುಡಿಸಿ ಬಾಯಿ ಒರೆಸಿದೆ. ಹೊಟ್ಟೆ ತುಂಬ ಕುಡಿದಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ “ನೀರ್” ಅಂದಳು. ಮೆಲ್ಲಗೆ. ಲೋಟದ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆಯೂ ಅಲ್ಲ. ನಾನು ಕೂತಿದ್ದ ಕುರ್ಚಿಯ ಹಿಂದೆ, ಕಿಟಕಿಯತ್ತ ನೋಡುತ್ತಿದ್ದಳು.

ಲೋಟ ಎತ್ತಿ ತೋರಿಸಿದೆ.

“ಅಲ್ಲ” ಅಂದಳು.

ಅವಳ ಅಲ್ಲವನ್ನು ನಂಬಬಾರದು. ಥೆರಪಿಸ್ಟ್ ಮೊದಲೇ ಹೇಳಿದ್ದಾರೆ. ಲೋಟ ಕೆಳಗಿಟ್ಟೆ. ನಡುವೆ ನಾನೇ ಅಡ್ಡ ಕೂತಿದ್ದೇನೇನೋ ಎನ್ನಿಸಿ, ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡೆ.